ಕ್ಷುದ್ರಗ್ರಹಗಳಿಗೆ ಹೆಸರಿಡುವವರು ಯಾರು? ಹಣ ಕೊಟ್ಟರೆ ಹೆಸರು ದೊರೆಯುತ್ತದೆಯೇ?

ಪ್ರಶ್ನೆ: ಬಸವನಗುಡಿಯ ಓದುಗ

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದವರು. ಬದುಕಿದ್ದರೆ ಈ ವರ್ಷ ಅವರಿಗೆ ನೂರು ತುಂಬುತ್ತಿತ್ತು. ಆ ನೆನಪಿಗೆಂದು ಹೊರದೇಶದಲ್ಲಿರುವ ನನ್ನ ತಮ್ಮ ಯಾವುದೋ ಜಾಲತಾಣಕ್ಕೆ ಹಣ ಕಟ್ಟಿ, ಒಂದು ಕ್ಷುದ್ರಗ್ರಹಕ್ಕೆ ಅಪ್ಪನ ಹೆಸರನ್ನು ಇಡಿಸಿದ್ದೇನೆಂದು ಹೇಳಿ ಪ್ರಮಾಣಪತ್ರವೊಂದನ್ನು ಕಳುಹಿಸಿದ್ದಾನೆ. ಚಿನ್ನದ ಬಣ್ಣದ ಅಂಚು, ಕೆಂಪು ಮುದ್ರೆ, ನಡುವೆ ಊರು, ಅಜ್ಜನ ಹೆಸರು ಎಲ್ಲವೂ ಸೇರಿದ ಅಪ್ಪನ ಪೂರ್ಣ ನಾಮಧೇಯ, ಅದರ ಕೆಳಗೆ ಆಕಾಶದಲ್ಲಿ ಆ ಕಾಯ ಇರುವ ಸ್ಥಾನವೆಂದು ಗಂಟೆ, ನಿಮಿಷ, ಡಿಗ್ರಿಗಳಲ್ಲಿ ಅಚ್ಚು ಮಾಡಿದ ಎರಡು ಅಂಕಿಗಳಿವೆ. ತೊಂಬತ್ತು ದಾಟಿದ ನಮ್ಮಮ್ಮ ಅದಕ್ಕೆ ಕಟ್ಟು ಹಾಕಿಸಿ ದೇವರ ಮನೆಯ ಪಕ್ಕದ ಗೋಡೆಗೆ ತೂಗುಹಾಕಿಸಿದ್ದಾರೆ.

ಕಳೆದ ವಾರ ಶಾಲೆಯಿಂದ ನೆಹರು ತಾರಾಲಯಕ್ಕೆ ಹೋಗಿಬಂದ ನನ್ನ ಮೊಮ್ಮಗಳು ಅದನ್ನು ಓದಿ, "ಇದರ ನಂಬರ್ ಎಲ್ಲಿ?" ಎಂದು ಕೇಳಿದಳು. ಹೆಸರಿರುವ ಪ್ರತಿಯೊಂದು ಕ್ಷುದ್ರಗ್ರಹಕ್ಕೂ ಹೆಸರಿನ ಮುಂದೆ ಒಂದು ಸಂಖ್ಯೆ ಇರಲೇಬೇಕೆಂದು ಅವಳ ವಾದ. ನನಗೆ ಉತ್ತರ ತಿಳಿಯಲಿಲ್ಲ. ಈ ಹೆಸರುಗಳನ್ನು ನಿಜವಾಗಿ ಇಡುವವರು ಯಾರು, ಯಾರ ಹೆಸರುಗಳನ್ನು ಇಡುತ್ತಾರೆ, ನಮ್ಮ ಕಡೆಯವರ ಹೆಸರುಗಳೇನಾದರೂ ಇವೆಯೇ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ. ಅಮ್ಮನದು ಬೇರೆಯೇ ತಕರಾರು: "ಮೇಷ್ಟರ ಹೆಸರನ್ನು ಕ್ಷುದ್ರವಾದದ್ದಕ್ಕೆ ಯಾಕೆ ಇಟ್ಟರು, ದೊಡ್ಡದು ಯಾವುದೂ ಇರಲಿಲ್ಲವೇ?"

ಉತ್ತರ 1: ಇರುಳಾಗಸ

ನಿಮ್ಮ ಮೊಮ್ಮಗಳು ಸರಿಯಾದ ಜಾಗಕ್ಕೇ ಬೆರಳಿಟ್ಟಿದ್ದಾಳೆ. ಸಂಖ್ಯೆಯಿಲ್ಲದ ಕ್ಷುದ್ರಗ್ರಹಕ್ಕೆ ಹೆಸರಿಡುವ ಪದ್ಧತಿ ಇಲ್ಲ. ನಿಮ್ಮ ಪ್ರಮಾಣಪತ್ರದಲ್ಲಿ ನನಗೆ ಇನ್ನೂ ವಿಚಿತ್ರವಾಗಿ ಕಂಡದ್ದು ಆ ಎರಡು ಅಂಕಿಗಳು. ಅವು ವಿಷುವದಂಶ ಮತ್ತು ಘಂಟಾವೃತ್ತಾಂಶ ಆಗಿರಬೇಕು, ಅಂದರೆ ಭೂಪಟದ ರೇಖಾಂಶ, ಅಕ್ಷಾಂಶಗಳಂತೆ ಆಕಾಶದಲ್ಲಿ ಜಾಗ ಗುರುತಿಸುವ ಅಳತೆಗಳು. ನಕ್ಷತ್ರಕ್ಕಾದರೆ ಅಂಥ ವಿಳಾಸ ಬರೆದುಕೊಡಬಹುದು, ಏಕೆಂದರೆ ಅದು ನಮ್ಮ ಆಯುಷ್ಯದಲ್ಲಿ ಕಣ್ಣಿಗೆ ಕಾಣುವಷ್ಟು ಸರಿಯುವುದಿಲ್ಲ. ಕ್ಷುದ್ರಗ್ರಹವಾದರೋ ಸೂರ್ಯನ ಸುತ್ತ ತಿರುಗುವ ಅಲೆಮಾರಿ. ಮಂಗಳ ಮತ್ತು ಗುರುವಿನ ನಡುವಿನ ಪಟ್ಟಿಯಲ್ಲಿರುವ ಒಂದು ಸಾಮಾನ್ಯ ಕಾಯ ಭೂಮಿಗೆ ಹತ್ತಿರವಿರುವ ದಿನಗಳಲ್ಲಿ ದಿನವೊಂದಕ್ಕೆ ಸುಮಾರು ಕಾಲು ಡಿಗ್ರಿ, ಅಂದರೆ ಹುಣ್ಣಿಮೆಯ ಚಂದ್ರನ ಅರ್ಧ ಅಗಲದಷ್ಟು ಜರುಗಿರುತ್ತದೆ. ಹಾಗೆ ಜರುಗುವುದರಿಂದಲೇ ಅದು ನಕ್ಷತ್ರವಲ್ಲವೆಂದು ಗೊತ್ತಾಗುವುದು. ಅದಕ್ಕೆ ಒಂದು ಕಾಯಂ ಸ್ಥಾನವನ್ನು ಅಚ್ಚು ಮಾಡಿಕೊಟ್ಟವರು ಮೆಜೆಸ್ಟಿಕ್ಕಿನಲ್ಲಿ ಬಿಎಂಟಿಸಿ ಬಸ್ಸನ್ನು ನೋಡಿ, ಅದೇ ಅದರ ಮನೆ ವಿಳಾಸವೆಂದು ಬರೆದುಕೊಟ್ಟಂತಾಯಿತು.

ಇನ್ನು ಕ್ರಮವನ್ನು ಹೇಳುತ್ತೇನೆ. ಹೊಸ ಚುಕ್ಕೆಯೊಂದು ಕಂಡಾಗ ಅಮೆರಿಕದ ಕೇಂಬ್ರಿಡ್ಜ್‌ನಲ್ಲಿರುವ ಮೈನರ್ ಪ್ಲಾನೆಟ್ ಸೆಂಟರ್ ಅದಕ್ಕೊಂದು ತಾತ್ಕಾಲಿಕ ಗುರುತು ಕೊಡುತ್ತದೆ. ಉದಾಹರಣೆಗೆ '1988 ಟಿಪಿ' ಎಂಬುದನ್ನು ನೋಡಿ. ಮೊದಲನೆಯದು ಇಸವಿ. ವರ್ಷದ 24 ಪಕ್ಷಗಳಿಗೆ (ನಮ್ಮ ಶುಕ್ಲ, ಕೃಷ್ಣ ಪಕ್ಷಗಳಲ್ಲ, ಇಂಗ್ಲಿಷ್ ತಿಂಗಳ ಎರಡು ಅರ್ಧಗಳು) ಒಂದೊಂದು ಇಂಗ್ಲಿಷ್ ಅಕ್ಷರವಿದ್ದು, 'ಟಿ' ಎಂದರೆ ಅಕ್ಟೋಬರ್ ತಿಂಗಳ ಮೊದಲರ್ಧ. ಒಂದು ಎಂಬ ಅಂಕಿಯೊಡನೆ ಗೊಂದಲವಾಗಬಾರದೆಂದು 'ಐ' ಅಕ್ಷರವನ್ನು ಬಿಟ್ಟು ಎಣಿಸಿದರೆ 'ಪಿ' ಹದಿನೈದನೆಯದು. ಹಾಗಾಗಿ ಆ ಹದಿನೈದು ದಿನಗಳಲ್ಲಿ ವರದಿಯಾದ ಹದಿನೈದನೆಯ ಕಾಯ ಇದು. ಅಕ್ಷರಗಳು ಮುಗಿದ ಮೇಲೆ ಮತ್ತೆ ಮೊದಲಿನಿಂದ ಆರಂಭಿಸಿ, ಎಷ್ಟನೆಯ ಸುತ್ತು ಎಂಬುದನ್ನು ಕೊನೆಯಲ್ಲಿ ಅಂಕಿಯಾಗಿ ಬರೆಯುತ್ತಾರೆ. '2006 ವಿಪಿ32' ಎಂದಾಗ ನವೆಂಬರ್ ಮೊದಲರ್ಧ, 25 ಅಕ್ಷರಗಳ 32 ಸುತ್ತು ಮುಗಿದ ಮೇಲೆ ಬಂದ 'ಪಿ', ಅಂದರೆ 815ನೆಯ ಕಾಯ. ಹದಿನೆಂಟು ವರ್ಷಗಳಲ್ಲಿ ಹುಡುಕಾಟ ಬೆಳೆದಿರುವುದರ ಸುಳಿವೂ ಈ ಎರಡು 'ಪಿ'ಗಳಲ್ಲಿದೆ.

ಈ ಎರಡನ್ನೇ ಆರಿಸಿದ್ದಕ್ಕೆ ಕಾರಣವಿದೆ. ಮೊದಲನೆಯದು ಇಂದು 4538 ವಿಶ್ಯಾನಂದ್, ನಮ್ಮ ಚೆಸ್ ಆಟಗಾರ ವಿಶ್ವನಾಥನ್ ಆನಂದ್ ಅವರ ಹೆಸರಿನದು. ಎರಡನೆಯದು 300128 ಪಂಡಿತ್‌ಜಸರಾಜ್. ಪಂಡಿತ್ ಜಸರಾಜ್ ಅವರು ಹುಟ್ಟಿದ್ದು 1930ರ ಜನವರಿ 28ರಂದು. ಇಸವಿ, ತಿಂಗಳು, ದಿನ ಎಂದು ಬರೆದರೆ ಅದೇ ಸಂಖ್ಯೆ. ಲಕ್ಷಾಂತರ ಸಂಖ್ಯೆಗಳ ನಡುವಿನಿಂದ ಯಾರೋ ಪ್ರೀತಿಯಿಂದ ಹೆಕ್ಕಿ ತೆಗೆದದ್ದು ಇದು.

ತಾತ್ಕಾಲಿಕ ಗುರುತಿನಿಂದ ಕಾಯಂ ಸಂಖ್ಯೆಯವರೆಗಿನ ದಾರಿಯೇ ದೀರ್ಘವಾದದ್ದು. ಕಾಯವು ಭೂಮಿಯ ಮಟ್ಟಿಗೆ ಸೂರ್ಯನ ಎದುರು ದಿಕ್ಕಿಗೆ ಬರುವ ಸಂದರ್ಭವನ್ನು ವಿಯುತಿ ಎನ್ನುತ್ತಾರೆ. ಸಾಮಾನ್ಯವಾಗಿ ಅಂಥ ನಾಲ್ಕು ವಿಯುತಿಗಳಲ್ಲಾದರೂ ಅದನ್ನು ಗುರುತಿಸಿ, ಇನ್ನು ಮುಂದೆ ಕಳೆದುಹೋಗದು ಎಂಬಷ್ಟು ಕಕ್ಷೆ ಖಚಿತವಾದ ಮೇಲೆ ಸಂಖ್ಯೆ ಬರುತ್ತದೆ. ಇದು ಅತಿಜಾಗ್ರತೆಯಲ್ಲ. ಮೊಟ್ಟಮೊದಲ ಕ್ಷುದ್ರಗ್ರಹ ಸಿರಿಸ್ ಅನ್ನು ಇಟಲಿಯ ಖಗೋಳಜ್ಞ ಜುಸೆಪ್ಪೆ ಪಿಯಾಝಿ 1801ರ ಜನವರಿ 1ರಂದು ಪಲೆರ್ಮೊದಲ್ಲಿ ಕಂಡು, ಫೆಬ್ರವರಿ 11ರವರೆಗೆ ಹಿಂಬಾಲಿಸಿದ ಮೇಲೆ ಅದು ಸೂರ್ಯನ ಬೆಳಕಿನಲ್ಲಿ ಮರೆಯಾಯಿತು. ಆಗ ಇಪ್ಪತ್ನಾಲ್ಕರ ಹರೆಯದ ಜರ್ಮನ್ ಗಣಿತಜ್ಞ ಗಾಸ್ ಹೊಸ ಗಣಿತ ಹೂಡಿ ಕಕ್ಷೆಯನ್ನು ಲೆಕ್ಕ ಹಾಕದಿದ್ದರೆ ಅದೇ ವರ್ಷದ ಡಿಸೆಂಬರ್ 31ರಂದು ಅದು ಮತ್ತೆ ಸಿಗುತ್ತಿರಲಿಲ್ಲ.

ಸಂಖ್ಯೆ ಬಂದ ಮೇಲೆ ಹೆಸರನ್ನು ಸೂಚಿಸುವ ಹಕ್ಕು ಹತ್ತು ವರ್ಷಗಳ ಕಾಲ ಅನ್ವೇಷಕರದು. ಯಾಕೆ ಆ ಹೆಸರು ಎಂಬುದನ್ನು ಕೆಲವೇ ಸಾಲುಗಳಲ್ಲಿ ಬರೆದು ಕೊಡಬೇಕು. ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಕಾರ್ಯತಂಡವೊಂದು ಅದನ್ನು ಪರಿಶೀಲಿಸಿ ಒಪ್ಪಿದ ಮೇಲೆ ತನ್ನ ಪ್ರಕಟಣೆಯಲ್ಲಿ ಅಚ್ಚು ಮಾಡುತ್ತದೆ. ಹೆಸರು ಇಂಗ್ಲಿಷ್ ಲಿಪಿಯಲ್ಲಿ ಹದಿನಾರು ಅಕ್ಷರ ಮೀರಬಾರದು, ಜಗತ್ತಿನ ಯಾವುದಾದರೊಂದು ಭಾಷೆಯಲ್ಲಿ ಉಚ್ಚರಿಸಲು ಬರಬೇಕು, ಆಗಲೇ ಇರುವ ಹೆಸರನ್ನು ತೀರಾ ಹೋಲಬಾರದು, ಯಾರನ್ನೂ ನೋಯಿಸಬಾರದು, ವ್ಯಾಪಾರದ ಜಾಹೀರಾತಾಗಬಾರದು. ಸಾಕುಪ್ರಾಣಿಗಳ ಹೆಸರು ಬೇಡವೆನ್ನುತ್ತಾರೆ. 2309 ಮಿಸ್ಟರ್ ಸ್ಪಾಕ್ ಎಂಬುದು ಅನ್ವೇಷಕರ ಮನೆಯ ಬೆಕ್ಕಿನ ಹೆಸರು, ನೇರವಾಗಿ 'ಸ್ಟಾರ್ ಟ್ರೆಕ್' ಎಂಬ ಟಿವಿ ಧಾರಾವಾಹಿಯ ಪಾತ್ರದ್ದಲ್ಲ. ಆ ಬೆಕ್ಕು ಒಳಗೆ ನುಸುಳಿದ ಮೇಲೆ ಬಾಗಿಲು ಮುಚ್ಚಿತು.

ಸಂಖ್ಯೆ ಪಡೆದ ಕಾಯಗಳು ಇಂದು ಎಂಟು ಲಕ್ಷ ದಾಟಿವೆ, ಹೆಸರು ಪಡೆದವು ಸುಮಾರು 25,000. ಈ ದಾರಿಯ ಯಾವ ಹಂತದಲ್ಲೂ ಹಣ ಕಟ್ಟುವ ಕಿಟಕಿ ಇಲ್ಲ. ನಿಮ್ಮ ತಮ್ಮನಿಗೆ ಆದದ್ದು ಮೋಸವೆಂದೇ ಹೇಳಬೇಕಾಗುತ್ತದೆ. ಕ್ಷಮಿಸಿ.

ಉತ್ತರ 2: ನಿವೃತ್ತ ಕನ್ನಡ ಮೇಷ್ಟ್ರು

ನಿಮ್ಮ ತಾಯಿಯವರ ತಕರಾರಿಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ನನ್ನ ಇಲಾಖೆಗೆ ಸೇರಿದ್ದು. ಸಂಸ್ಕೃತದಲ್ಲಿ 'ಕ್ಷುದ್ರ' ಎಂದರೆ ಮೊದಲಿಗೆ ಚಿಕ್ಕದು, ಸೂಕ್ಷ್ಮವಾದದ್ದು ಎಂದೇ ಅರ್ಥ. ನೀಚ, ಕೀಳು ಎಂಬ ಛಾಯೆ ಅದಕ್ಕೆ ಅಂಟಿಕೊಂಡಿರುವುದು ನಿಜ. ಕನ್ನಡದಲ್ಲಿ 'ಕ್ಷುದ್ರಶಕ್ತಿ', 'ಕ್ಷುದ್ರಬುದ್ಧಿ' ಎಂದು ಬಳಸಿ ಬಳಸಿ ಕೊನೆಗೆ ಆ ಛಾಯೆಯೇ ಉಳಿದುಬಿಟ್ಟಿತು. ಕನ್ನಡದ ವಿಜ್ಞಾನ ಬರೆಹಗಾರರು 'ಕಿರುಗ್ರಹ' ಎಂದು ಬರೆದಿದ್ದರೆ ಇಷ್ಟು ಹೊತ್ತಿಗೆ ರೂಢಿಯಾಗುತ್ತಿತ್ತು. ಅಮ್ಮನವರ ಮುಂದೆ ಕಿರುಗ್ರಹವೆಂದೇ ಹೇಳಿ. (ಗ್ರಹಚಾರವೆಂಬ ಮಾತು ಹೇಗೂ ಆ ಕಾಗದಕ್ಕೆ ಅಂಟಿಕೊಂಡಂತಿದೆ.)

ಇರುಳಾಗಸ ಅವರು ಬರೆದ 'ವಿಶ್ಯಾನಂದ್' ಓದಿ ಬಹಳ ಸಂತೋಷವಾಯಿತು. ಆನಂದ್ ಅವರನ್ನು ಚೆಸ್ ಲೋಕ 'ವಿಶಿ' ಎಂದು ಕರೆಯುತ್ತದೆ. ವಿಶಿ + ಆನಂದ್ = ವಿಶ್ಯಾನಂದ್. ಅತಿ + ಆಸೆ = ಅತ್ಯಾಸೆ ಇದ್ದ ಹಾಗೆ ಶುದ್ಧ ಯಣ್ ಸಂಧಿ. ಇಂಗ್ಲಿಷಿನಲ್ಲಿ ಎರಡು ಪದಗಳನ್ನು ಒಟ್ಟಿಗೆ ಬರೆದವರಿಗೆ ಈ ಸೂತ್ರ ಗೊತ್ತಿರಲಿಕ್ಕಿಲ್ಲ. ಆದರೆ ಆಕಾಶದಲ್ಲಿ ಒಂದು ಸಂಧಿಕಾರ್ಯ ತಪ್ಪಿಲ್ಲದೆ ನಡೆದುಹೋಗಿದೆ.

ಹದಿನಾರು ಅಕ್ಷರಗಳ ಮಿತಿ ಮಾತ್ರ ನಮ್ಮವರಿಗೆ ಸ್ವಲ್ಪ ಬಿಗಿ. ಊರು, ತಂದೆಯ ಹೆಸರು, ತನ್ನ ಹೆಸರು ಎಂದು ಸಾಲಾಗಿ ಬರೆಯುವ ನಮ್ಮ ಪದ್ಧತಿಯಲ್ಲಿ ಮೋಕ್ಷಗುಂಡಂ ವಿಶ್ವೇಶ್ವರಯ್ಯ ಎಂಬುದು ಒಳಗೆ ಹಿಡಿಸುವುದಿಲ್ಲ, ವಿಶ್ವೇಶ್ವರಯ್ಯ ಎಂಬುದಷ್ಟೇ ಹಿಡಿಸುತ್ತದೆ. ನಮ್ಮ ಕವಿಗಳು ಮಾತ್ರ ಮುಂದಾಲೋಚನೆಯುಳ್ಳವರು. ಕುವೆಂಪು ಎಂಬುದನ್ನು ಇಂಗ್ಲಿಷಿನಲ್ಲಿ ಬರೆದರೆ ಏಳೇ ಅಕ್ಷರ. ನಿಮ್ಮ ಪ್ರಮಾಣಪತ್ರದಲ್ಲಿ ಊರು, ಅಜ್ಜನ ಹೆಸರು ಸಮೇತ ಇದೆಯೆಂದಿರಿ. ಅದೊಂದೇ ಸಾಕು, ಅದು ಅಸಲಿಯಲ್ಲವೆಂದು ತಿಳಿಯಲು.

ಉತ್ತರ 3: ಕೋರಮಂಗಲದಿಂದ

ನಮ್ಮ ಕಡೆಯವರ ಹೆಸರುಗಳಿವೆಯೇ ಎಂದು ಕೇಳಿದ್ದೀರಿ. ಇದಕ್ಕೆ ಉತ್ತರ ಬೆಂಗಳೂರಿನಲ್ಲೇ ಇದೆ, ಆದರೆ ಕತೆ ಮದರಾಸಿನಿಂದ ಆರಂಭವಾಗುತ್ತದೆ.

ನಮ್ಮ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ ತನ್ನ ಮೂಲವನ್ನು ಮದ್ರಾಸ್ ವೀಕ್ಷಣಾಲಯದಲ್ಲಿ ಗುರುತಿಸಿಕೊಳ್ಳುತ್ತದೆ. ಅಲ್ಲಿಂದ ಕೆಲಸ 1899ರಲ್ಲಿ ಕೊಡೈಕೆನಾಲಿಗೆ, ಆಮೇಲೆ ಬೆಂಗಳೂರಿಗೆ ಬಂತು. ಆ ಮದ್ರಾಸ್ ವೀಕ್ಷಣಾಲಯದಲ್ಲಿ ನಾರ್ಮನ್ ಪಾಗ್ಸನ್ 1861ರ ಏಪ್ರಿಲ್ 17ರಂದು ಒಂದು ಕ್ಷುದ್ರಗ್ರಹವನ್ನು ಕಂಡರು. ಏಷ್ಯಾ ಖಂಡದಲ್ಲಿ ನಿಂತು ಕಂಡ ಮೊದಲನೆಯದು ಅದಾದ್ದರಿಂದ 67 ಏಷ್ಯಾ ಎಂದೇ ಹೆಸರಾಯಿತು. ಅಲ್ಲಿಂದಲೇ ಅವರು ಕಂಡ 80 ಸಾಫೊ, 87 ಸಿಲ್ವಿಯಾ, 245 ವೀರಾ ಕೂಡ ಪಟ್ಟಿಯಲ್ಲಿವೆ. ಸಿಲ್ವಿಯಾಗೆ ಎರಡು ಪುಟ್ಟ ಚಂದ್ರರಿರುವುದು 2005ರಲ್ಲಿ ಖಚಿತವಾಯಿತು. ಎರಡು ಚಂದ್ರರಿರುವ ಕ್ಷುದ್ರಗ್ರಹವೆಂದು ತಿಳಿದುಬಂದ ಮೊದಲನೆಯದು ಅದೇ. ಪುರಾಣದ ರಿಯಾ ಸಿಲ್ವಿಯಾಳ ಅವಳಿ ಮಕ್ಕಳಾದ ರೋಮ್ಯುಲಸ್, ರೀಮಸ್ ಎಂಬ ಹೆಸರುಗಳನ್ನೇ ಚಂದ್ರರಿಗೆ ಇಟ್ಟರು. ತಾಯಿಯ ಹೆಸರು ಮದರಾಸಿನ ಕಾಲದ್ದು, ಮಕ್ಕಳ ಹೆಸರು ನಮ್ಮ ಕಾಲದ್ದು.

1885ರಲ್ಲಿ ಸಿಕ್ಕ ವೀರಾ ಆದಮೇಲೆ ಈ ನೆಲದಿಂದ ಮತ್ತೊಂದು ಸಿಗಲು ನೂರು ವರ್ಷ ದಾಟಿತು. ಸಂಸ್ಥೆಯದೇ ವೀಕ್ಷಣಾಲಯವಿರುವ ತಮಿಳುನಾಡಿನ ಜವ್ವಾದಿ ಬೆಟ್ಟದ ಕಾವಲೂರಿನಲ್ಲಿ ಆರ್. ರಾಜಮೋಹನ್ ಮತ್ತು ಸಂಗಡಿಗರು ಷ್ಮಿಟ್ ದೂರದರ್ಶಕದಿಂದ 'ಕಲ್ಕಿ' ಎಂಬ ಹುಡುಕಾಟದ ಯೋಜನೆ ನಡೆಸುತ್ತಿದ್ದರು. 1988ರ ಫೆಬ್ರವರಿ 17ರಂದು ಅಲ್ಲಿ ಕಂಡದ್ದು ಇಂದು 4130 ರಾಮಾನುಜನ್. ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರ ಜನ್ಮಶತಮಾನೋತ್ಸವ ಆಗಷ್ಟೇ ಮುಗಿದಿತ್ತು. ನಿಮ್ಮ ತಂದೆಯವರು ಗಣಿತದ ಮೇಷ್ಟರಾಗಿದ್ದವರೆಂದು ಓದಿದ ಕೂಡಲೇ ನನಗೆ ನೆನಪಾದದ್ದು ಇದು.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿದ್ದ ಮಾತಿಗೆ ಬರುತ್ತೇನೆ. ಧೂಮಕೇತುವಿಗೂ ಕ್ಷುದ್ರಗ್ರಹಕ್ಕೂ ಹೆಸರಿನ ವಿಷಯದಲ್ಲಿ ಒಂದು ದೊಡ್ಡ ವ್ಯತ್ಯಾಸವಿದೆ. ಧೂಮಕೇತುವನ್ನು ಕಂಡುಹಿಡಿದವರ ಹೆಸರೇ ಅದಕ್ಕೆ ಬರುತ್ತದೆ, ಅದು ಗಳಿಕೆ. ಕ್ಷುದ್ರಗ್ರಹಕ್ಕೆ ಕಂಡವರು ಇನ್ನೊಬ್ಬರ ಹೆಸರಿಡುತ್ತಾರೆ, ಅದು ಕೊಡುಗೆ. ಈ ಎರಡೂ ಸಂದಿರುವವರು ನಮ್ಮ ಸಂಸ್ಥೆಯನ್ನು ಕಟ್ಟಿದ ವೈನು ಬಾಪು. 1949ರಲ್ಲಿ ಹಾರ್ವರ್ಡ್‌ನಲ್ಲಿ ವಿದ್ಯಾರ್ಥಿಯಾಗಿದ್ದಾಗ ಅವರು ಕಂಡ ಧೂಮಕೇತು ಬಾಪು–ಬಾಕ್–ನ್ಯೂಕರ್ಕ್ ಎಂದೇ ದಾಖಲಾಗಿದೆ. 2596 ವೈನು ಬಾಪು ಎಂಬ ಕ್ಷುದ್ರಗ್ರಹವನ್ನು ಅವರು ಕಂಡುಹಿಡಿದದ್ದಲ್ಲ, ಬೇರೆಯವರು ಅವರಿಗೆ ಅರ್ಪಿಸಿದ್ದು. ಅವರ ನಂತರ ನಿರ್ದೇಶಕರಾದ ಜೆ. ಸಿ. ಭಟ್ಟಾಚಾರ್ಯ ಅವರ ಹೆಸರಿನಲ್ಲಿ 8348 ಇದೆ. 2023ರಲ್ಲಿ ಇದೇ ಸಂಸ್ಥೆಯ ಪ್ರಾಧ್ಯಾಪಕ ಜಯಂತ್ ಮೂರ್ತಿ ಅವರ ಹೆಸರು 215884ಕ್ಕೆ ಬಂದ ಸುದ್ದಿ ಪ್ರಕಟವಾಯಿತು. ಅಮೆರಿಕದ ಕಿಟ್ ಪೀಕ್‌ನಿಂದ ಮಾರ್ಕ್ ಬುಯಿ 2005ರಲ್ಲಿ ಕಂಡ ಕಾಯ ಅದು. ತಾತ್ಕಾಲಿಕ ಗುರುತು '2005 ಇಎಕ್ಸ್296'. ಮೇಲಿನ ಲೆಕ್ಕದಂತೆ ಎಣಿಸಿದರೆ ಆ ವರ್ಷದ ಮಾರ್ಚ್ ಮೊದಲರ್ಧದ 7,423ನೆಯದು. ಪ್ಲೂಟೊ ದಾಟಿ ಹೋದ ನ್ಯೂ ಹೊರೈಜನ್ಸ್ ನೌಕೆಯ ವಿಜ್ಞಾನಿಗಳ ತಂಡದಲ್ಲಿ ಜಯಂತ್ ಮೂರ್ತಿಯವರೂ ಇದ್ದರು.

ವಿಜ್ಞಾನಿಗಳಲ್ಲದವರಿಗೂ ಈ ಕೊಡುಗೆ ಸಂದಿದೆ. ಕೊಲಂಬಿಯಾ ನೌಕೆಯೊಡನೆ 2003ರಲ್ಲಿ ಮಡಿದ ಏಳು ಮಂದಿಗೆ 51823ರಿಂದ 51829ರವರೆಗಿನ ಏಳು ಕಾಯಗಳನ್ನು ಸಾಲಾಗಿ ಅರ್ಪಿಸಿದ್ದಾರೆ. ಕಲ್ಪನಾ ಚಾವ್ಲಾ ಅವರದು 51826, ಸರಿಯಾಗಿ ನಡುವಿನದು.

ಉತ್ತರ 4: ಸಂದೇಹಿ

ಇರುಳಾಗಸ ಅವರ "ಹಣ ಕಟ್ಟುವ ಕಿಟಕಿ ಇಲ್ಲ" ಎಂಬ ಮಾತು ಇಂದಿನ ಮಟ್ಟಿಗೆ ಸರಿ. ಇತಿಹಾಸದಲ್ಲಿ ಆ ಕಿಟಕಿ ಒಮ್ಮೆ ತೆರೆದಿತ್ತೆಂಬುದನ್ನೂ ದಾಖಲಿಸಬೇಕು. ವಿಯೆನ್ನಾದ ಯೋಹಾನ್ ಪಲಿಸಾ ನೂರಕ್ಕೂ ಹೆಚ್ಚು ಕ್ಷುದ್ರಗ್ರಹಗಳನ್ನು ಬರಿಗಣ್ಣನ್ನು ದೂರದರ್ಶಕಕ್ಕೆ ಇಟ್ಟೇ ಹುಡುಕಿದ ಅಸಾಧಾರಣ ವ್ಯಕ್ತಿ. 1886ರ ಆಗಸ್ಟ್‌ನ ಸಂಪೂರ್ಣ ಸೂರ್ಯಗ್ರಹಣ ನೋಡಲು ಹೋಗುವ ಖರ್ಚಿಗೆ ಹಣವಿಲ್ಲದೆ, ತಾವು ಕಂಡ ಒಂದು ಕಾಯಕ್ಕೆ ಹೆಸರಿಡುವ ಹಕ್ಕನ್ನು 50 ಪೌಂಡಿಗೆ ಮಾರುತ್ತೇನೆಂದು ಬಹಿರಂಗವಾಗಿ ಪ್ರಕಟಿಸಿದರು. ಸಿರಿವಂತ ಆಲ್ಬರ್ಟ್ ವಾನ್ ರಾತ್ಸ್‌ಚೈಲ್ಡ್ ಅದನ್ನು ಕೊಂಡು ತನ್ನ ಹೆಂಡತಿಯ ಹೆಸರಿಟ್ಟ. ಅದೇ 250 ಬೆಟಿನಾ.

ಇದರ ಬಾಲಂಗೋಚಿ ಇನ್ನೂ ಸ್ವಾರಸ್ಯಕರ. ಆ ಆಲ್ಬರ್ಟ್ 1911ರಲ್ಲಿ ತೀರಿಕೊಂಡಾಗ ವಿಯೆನ್ನಾ ವೀಕ್ಷಣಾಲಯಕ್ಕೆ ಆತ ಮಾಡಿದ್ದ ಉಪಕಾರವನ್ನು ನೆನೆದು, ಅದೇ ವರ್ಷ ಪಲಿಸಾ ಕಂಡಿದ್ದ ಒಂದು ಕಾಯಕ್ಕೆ 719 ಆಲ್ಬರ್ಟ್ ಎಂದು ಹೆಸರಿಟ್ಟರು. ಈ ಬಾರಿ ಹಣ ಪಡೆಯದೆ. ಹೆಸರಿಟ್ಟರೇ ಹೊರತು ಕಕ್ಷೆ ಗಟ್ಟಿಯಾಗಿರಲಿಲ್ಲ. ಆಲ್ಬರ್ಟ್ ಕಳೆದುಹೋಯಿತು, ಮತ್ತೆ ಸಿಕ್ಕಿದ್ದು 2000ದಲ್ಲಿ. ಹಣ ಕೊಟ್ಟು ಕೊಂಡ ಬೆಟಿನಾ ಅಷ್ಟೂ ವರ್ಷ ತನ್ನ ಹಾದಿಯಲ್ಲೇ ಇತ್ತು, ಗೌರವಕ್ಕೆಂದು ಕೊಟ್ಟ ಆಲ್ಬರ್ಟ್ 89 ವರ್ಷ ನಾಪತ್ತೆಯಾಗಿತ್ತು. ಸಂಖ್ಯೆ ಕೊಡಲು ಇಂದು ಅಷ್ಟು ಸತಾಯಿಸುವುದಕ್ಕೆ ಇಂಥ ಪ್ರಸಂಗಗಳೇ ಕಾರಣ.

ಅರಸರ ಹಂಗೂ ಇತ್ತು. ಪಿಯಾಝಿ ಇಟ್ಟ ಪೂರ್ಣ ಹೆಸರು 'ಸಿರಿಸ್ ಫರ್ಡಿನಾಂಡಿಯಾ', ಅರ್ಧ ಧಾನ್ಯದೇವತೆಗೆ, ಅರ್ಧ ತನ್ನ ರಾಜನಿಗೆ. ಬೇರೆ ದೇಶದವರು ರಾಜನ ಭಾಗವನ್ನು ಒಪ್ಪಲಿಲ್ಲ. 1850ರಲ್ಲಿ ಲಂಡನ್ನಿನ ಖಗೋಳಜ್ಞ ಹೈಂಡ್ 12ನೆಯ ಕ್ಷುದ್ರಗ್ರಹಕ್ಕೆ ವಿಕ್ಟೋರಿಯಾ ಎಂದು ಹೆಸರಿಟ್ಟಾಗ, ಅದು ಆಗಿನ ಬ್ರಿಟನ್ ರಾಣಿಯ ಹೆಸರೆಂದು ಅಮೆರಿಕದವರು ತಿರುಗಿಬಿದ್ದು ಗ್ರೀಕ್ ಪುರಾಣದ ಕ್ಲಿಯೊ ಎಂಬ ಹೆಸರನ್ನೇ ಬಳಸತೊಡಗಿದರು. ಇದು ರೋಮನ್ನರ ವಿಜಯದೇವತೆಯ ಹೆಸರು, ರಾಣಿಯದಲ್ಲ ಎಂಬ ಸಮಜಾಯಿಷಿ ಕೊಟ್ಟು ಉಳಿಸಿಕೊಳ್ಳಬೇಕಾಯಿತು. ರಾಜಕೀಯ ಅಥವಾ ಯುದ್ಧದಿಂದ ಹೆಸರಾದವರು ತೀರಿಕೊಂಡು ನೂರು ವರ್ಷ ಕಳೆಯದೆ ಅವರ ಹೆಸರಿಡಬಾರದು ಎಂಬ ಇಂದಿನ ನಿಯಮ ನನಗೆ ಬಹಳ ಮೆಚ್ಚುಗೆಯಾದದ್ದು. ಬೆಂಗಳೂರಿನಲ್ಲಿ ವೃತ್ತಗಳಿಗೆ, ಮೇಲ್ಸೇತುವೆಗಳಿಗೆ ಹೆಸರಿಡುವಾಗಲೂ ಈ ನಿಯಮವನ್ನು ಅನ್ವಯಿಸಿದರೆ ಎಷ್ಟು ಫಲಕಗಳು ಉಳಿದಾವು ಎಂದು ಎಣಿಸುವ ಕೆಲಸವನ್ನು ಓದುಗರಿಗೆ ಬಿಡುತ್ತೇನೆ.

ಮರುಪ್ರಶ್ನೆ: ಬಸವನಗುಡಿಯ ಓದುಗ

ಎಲ್ಲರಿಗೂ ಕೃತಜ್ಞತೆಗಳು. ತಮ್ಮನಿಗೆ ಫೋನಿನಲ್ಲಿ ತಿಳಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮನಿಗೆ ಹೇಳಬೇಡ" ಎಂದ. ಆದರೆ ಮೊಮ್ಮಗಳು ಅಷ್ಟರಲ್ಲೇ ಹೇಳಿಯಾಗಿತ್ತು. ಅವಳದು ಈಗ ಇನ್ನೊಂದು ಪ್ರಶ್ನೆ: ಶಾಲೆಯ ಮಕ್ಕಳು ತಾವೇ ಒಂದನ್ನು ಕಂಡುಹಿಡಿದು ಹೆಸರಿಡಲು ಸಾಧ್ಯವೇ?

ಉತ್ತರ 5: ಇರುಳಾಗಸ

ಸಾಧ್ಯವಿದೆ, ತಾಳ್ಮೆ ಬೇಕು. ಅಂತರರಾಷ್ಟ್ರೀಯ ಖಗೋಳ ಹುಡುಕಾಟ ಸಹಯೋಗ ಎಂಬ ಕಾರ್ಯಕ್ರಮ ಹವಾಯಿಯ ಪ್ಯಾನ್-ಸ್ಟಾರ್ಸ್ ದೂರದರ್ಶಕದ ಚಿತ್ರಗಳನ್ನು ಶಾಲಾ ತಂಡಗಳಿಗೆ ಉಚಿತವಾಗಿ ಕಳುಹಿಸುತ್ತದೆ. ಕೆಲವು ನಿಮಿಷಗಳ ಅಂತರದಲ್ಲಿ ತೆಗೆದ, ಒಂದೇ ಜಾಗದ ನಾಲ್ಕು ಚಿತ್ರಗಳು ಬರುತ್ತವೆ. ಅವನ್ನು ಒಂದರ ಮೇಲೊಂದು ಮಿನುಗಿಸಿ ನೋಡಿದಾಗ ನಕ್ಷತ್ರಗಳೆಲ್ಲ ಕದಲದೆ ನಿಂತಿರುತ್ತವೆ, ಒಂದೇ ಒಂದು ಮಸುಕು ಚುಕ್ಕೆ ಮಾತ್ರ ಎಡದಿಂದ ಬಲಕ್ಕೆ ನಾಲ್ಕು ಹೆಜ್ಜೆ ಇಡುತ್ತದೆ. ಅದು ಹೊಸದೆಂದು ಖಚಿತವಾದರೆ ತಾತ್ಕಾಲಿಕ ಗುರುತು, ಹಲವು ವರ್ಷಗಳ ಮೇಲೆ ಸಂಖ್ಯೆ, ಆಮೇಲೆ ಹೆಸರು ಸೂಚಿಸುವ ಅವಕಾಶ. ನಮ್ಮ ದೇಶದ ಎಷ್ಟೋ ಶಾಲೆಗಳ ಮಕ್ಕಳು ಇದರಲ್ಲಿ ಪಾಲ್ಗೊಂಡಿದ್ದಾರೆ. ಅಪ್ಪನ ಹೆಸರನ್ನು ಸೂಚಿಸುವುದಾದರೆ ಊರಿನ ಹೆಸರು ಬಿಟ್ಟು ಹದಿನಾರು ಅಕ್ಷರದೊಳಗೆ ಹಿಡಿಸಲು ಈಗಲೇ ಹೇಳಿರಿ.

ಬಸವನಗುಡಿಯ ಓದುಗ

ಎಣಿಸಿ ನೋಡಿದಳು, ಹನ್ನೊಂದಾಯಿತು. ಪ್ರಮಾಣಪತ್ರವನ್ನು ಗೋಡೆಯಿಂದ ಇಳಿಸಲು ಹೋದಾಗ ಅಮ್ಮ ಬಿಡಲಿಲ್ಲ. ಕಟ್ಟು ಹಾಕಿಸಲು ಕೊಟ್ಟ ದುಡ್ಡು ಅವರದಂತೆ.